ಉಣ್ಣದೆ ಏರುವ ಸಕ್ಕರೆ



ಇಂದಿನ ಮಾತು ಸಕ್ಕರೆಯನ್ನು ಕುರಿತದ್ದು. ಅಂಗಡಿಯಿಂದ ಪೊಟ್ಟಣ ಕಟ್ಟಿಸಿ ತರುವ ಸಕ್ಕರೆಯಲ್ಲ. ದೇಹವು ತಾನೇ ಕೂಡಿಟ್ಟುಕೊಂಡು, ತಾನೇ ಹೊರತೆಗೆದು, ಬೇಕಾದ ಗಳಿಗೆಯಲ್ಲಿಯೂ ಬೇಡದ ಗಳಿಗೆಯಲ್ಲಿಯೂ ರಕ್ತಕ್ಕೆ ಸುರಿಯುವ ಸಕ್ಕರೆ.

ನಮ್ಮ ಜಿಲ್ಲೆಯ ಯಾವ ಊರಿನ ಯಾವ ಜಗಲಿಯಲ್ಲಿ ಕುಳಿತರೂ ಒಂದು ಮಾತು ಕಿವಿಗೆ ಬೀಳುವುದುಂಟು. “ನಾನು ಸಿಹಿ ಮುಟ್ಟುವುದೇ ಇಲ್ಲ ಮಾರಾಯ್ರೆ, ಚಾಯಕ್ಕೂ ಸಕ್ಕರೆ ಹಾಕುವುದಿಲ್ಲ, ಆದರೂ ಶುಗರ್ ಇಳಿಯುವುದಿಲ್ಲ. ಎಲ್ಲ ಟೆನ್ಶನ್ನಿಂದ.” ಹೀಗೆನ್ನುವವರಲ್ಲಿ ಕೆಲವರು ಮದುವೆಮನೆಯ ಹೋಳಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿರುತ್ತಾರೆಂಬುದನ್ನು ನಾನು ಬಲ್ಲೆ. ಆದರೂ ಆ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮನಸ್ಸಿನ ಒತ್ತಡಕ್ಕೂ ರಕ್ತದ ಸಕ್ಕರೆಗೂ ನಂಟು ಉಂಟೆ, ಉಂಟಾದರೆ ಅದು ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ವಿಜ್ಞಾನಿಗಳು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಕುತ್ತ ಬಂದಿರುವರು. ಆ ಹುಡುಕಾಟದ ಒಂದು ಮುಖ್ಯ ಭಾಗ ನಡೆದದ್ದು ನಮ್ಮ ಮೈಸೂರಿನಲ್ಲಿಯೇ.

ಮೊದಲು ಚಾರ್ಮಾಡಿಗೆ ಹೋಗೋಣ. ಮಂಗಳೂರಿನಿಂದ ಬರುವ ಹೆದ್ದಾರಿಯು ಬೆಳ್ತಂಗಡಿ, ಉಜಿರೆ, ಮುಂಡಾಜೆ, ಕಕ್ಕಿಂಜೆಗಳನ್ನು ದಾಟಿ ಇಲ್ಲಿ ಘಟ್ಟದ ಬುಡವನ್ನು ಮುಟ್ಟುವುದು. ಇಲ್ಲಿಂದ ಕೊಟ್ಟಿಗೆಹಾರಕ್ಕೆ ಸುಮಾರು 25 ಕಿಲೋಮೀಟರು. ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಕಣಿವೆ, ನಡುವೆ ಮೈತಿರುಚಿ ಏರುವ ದಾರಿ. ಆಷಾಢದ ಒಂದು ಸಂಜೆ, ಮಂಜು ಮುಸುಕಿ ಹತ್ತು ಮಾರು ಮುಂದಿನದು ಕಾಣದಿರುವಾಗ, ಬಸ್ಸಿನ ಡ್ರೈವರನು ತಿರುವಿಗೆ ಬಂದಿದ್ದಾನೆ ಎನ್ನಿ. ಎದುರಿನಿಂದ ಟ್ಯಾಂಕರೊಂದು ತನ್ನ ಪಾಲಿನ ರಸ್ತೆಯನ್ನೂ ಈತನ ಪಾಲಿನದನ್ನೂ ಒಟ್ಟಿಗೆ ಆಕ್ರಮಿಸಿ ಥಟ್ಟನೆ ಇಳಿದುಬಂದಿತು. ಡ್ರೈವರನು ಬ್ರೇಕನ್ನು ತುಳಿದನು, ಸ್ಟಿಯರಿಂಗನ್ನು ಎಳೆದನು, ಬಸ್ಸು ಬಂಡೆಗೆ ಆತುಕೊಂಡಂತೆ ನಿಂತಿತು. ಟ್ಯಾಂಕರು ಹಾದುಹೋಯಿತು. ಇಷ್ಟೆಲ್ಲ ನಡೆದದ್ದು ಮೂರು ನಾಲ್ಕು ಸೆಕೆಂಡಿನಲ್ಲಿ.

ಅಷ್ಟರೊಳಗೆ ಆತನ ಮೈಯಲ್ಲಿ ಏನಾಯಿತು? ಕಣ್ಣು ಕಂಡದ್ದನ್ನು ಆತನು ತಿಳಿದು ಯೋಚಿಸುವುದಕ್ಕೆ ಮುಂಚೆಯೇ ಮೆದುಳಿನಿಂದ ನರಗಳ ಮೂಲಕ ಅಪ್ಪಣೆ ಹೊರಟಿತು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳಿವೆ. ಅಡ್ರಿನಲ್ ಗ್ರಂಥಿಗಳೆಂದು ಅವುಗಳ ಹೆಸರು. ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟವು. ಎದೆ ಬಡಿಯಿತು, ಉಸಿರು ಬಿರುಸಾಯಿತು, ಬಾಯಿ ಒಣಗಿತು, ಹೊಟ್ಟೆಯೊಳಗಿನ ಜೀರ್ಣಕಾರ್ಯ ಅಲ್ಲಿಗೇ ನಿಂತಿತು. ಯಕೃತ್ತು, ಮಳೆಗಾಲಕ್ಕೆಂದು ಭತ್ತ ತುಂಬಿಟ್ಟ ಪತ್ತಾಯದಂತೆ, ಹೆಚ್ಚಿನ ಸಕ್ಕರೆಯನ್ನು ತನ್ನೊಳಗೆ ಶೇಖರಿಸಿಟ್ಟುಕೊಂಡಿರುವ ಅಂಗ. ಅದರ ಬಾಗಿಲು ತೆರೆಯಿತು. ತೋಳುಗಳಿಗೂ ಕಾಲುಗಳಿಗೂ ಒಡನೆಯೇ ಶಕ್ತಿ ಬೇಕಾಗಿದ್ದಿತು, ಅದು ದೊರೆಯಿತು. ಇದು ಮೊದಲ ಅಲೆ. ಕೆಲವು ನಿಮಿಷಗಳ ತರುವಾಯ ಎರಡನೆಯದು ಬರುವುದು. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮಾತಿನಂತೆ ಅದೇ ಅಡ್ರಿನಲ್ ಗ್ರಂಥಿಯ ಹೊರಪದರವು ಕಾರ್ಟಿಸಾಲ್ ಎಂಬ ಇನ್ನೊಂದು ರಸವನ್ನು ಸ್ರವಿಸುವುದು. ಅಡ್ರಿನಲಿನ್ ಅವಸರದ್ದು, ಕಾರ್ಟಿಸಾಲ್ ನಿಧಾನದ್ದು, ಅರ್ಧ ಗಂಟೆಯ ಸುಮಾರಿಗೆ ತನ್ನ ತುದಿಯನ್ನು ಮುಟ್ಟುವಂಥದು. ಖರ್ಚಾದ ಸಕ್ಕರೆಯನ್ನು ಮತ್ತೆ ತುಂಬಿಸಿಕೊಡುವುದು, ರಕ್ತದಲ್ಲಿ ಅದರ ಪ್ರಮಾಣ ಕುಸಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕಾಗಿ ಅದು ಸಕ್ಕರೆಯನ್ನು ಇಳಿಸುವ ಇನ್ಸುಲಿನ್ನಿನ ಮಾತು ದೇಹದಲ್ಲಿ ಅಷ್ಟಾಗಿ ನಡೆಯದಂತೆಯೂ ಮಾಡುವುದು.

ಬಸ್ಸು ಕೊಟ್ಟಿಗೆಹಾರವನ್ನು ಮುಟ್ಟಿತು. ಡ್ರೈವರನು ಇಳಿದು, ಮುಖ ತೊಳೆದು, ಬಿಸಿ ನೀರುದೋಸೆಯನ್ನು ತಿಂದು, ಕಂಡಕ್ಟರನೊಡನೆ ಆ ಟ್ಯಾಂಕರಿನವನ ವಂಶಾವಳಿಯನ್ನು ವಿಚಾರಿಸಿಕೊಂಡನು. ಎದೆಬಡಿತ ಇಳಿಯಿತು, ಸಕ್ಕರೆ ಇಳಿಯಿತು, ಗ್ರಂಥಿಗಳು ತಮ್ಮ ಪಾಡಿಗೆ ತಾವು ಸುಮ್ಮನಾದವು. ಇದರಲ್ಲಿ ರೋಗವೆಂಬುದು ಏನೂ ಇಲ್ಲ. ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ದೇಹದಲ್ಲಿ ಇನ್ನೊಂದಿಲ್ಲವೆಂದರೂ ಸಲ್ಲುವುದು.

ಇಷ್ಟು ತಿಳಿದಂತಾಯಿತು: ಅಪಾಯ ಬಂದಾಗ ದೇಹವು ಸಕ್ಕರೆಯನ್ನು ಹೊರಗೆಡಹುವುದು, ಅಪಾಯ ಕಳೆದಾಗ ನಿಲ್ಲಿಸುವುದು. ಇನ್ನು, ಇದನ್ನು ಕಂಡುಹಿಡಿದವರಾರು ಎಂಬುದನ್ನು ನೋಡೋಣ. ಆ ಕಥೆಯಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರ ಅಡಗಿದೆ.

1849ರಲ್ಲಿ ಫ್ರಾನ್ಸ್ ದೇಶದ ಕ್ಲಾಡ್ ಬರ್ನಾರ್ಡ್ ಎಂಬ ಶರೀರಶಾಸ್ತ್ರಜ್ಞನು ಮೊಲವೊಂದರ ಮೆದುಳಿನ ಬುಡದಲ್ಲಿ ಸೂಜಿಯಿಂದ ಚುಚ್ಚಿದನು. ಸ್ವಲ್ಪ ಹೊತ್ತಿನಲ್ಲಿ ಆ ಮೊಲದ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಸಕ್ಕರೆ ಕಾಯಿಲೆಯೆಂಬುದು ಹೊಟ್ಟೆಗೂ ನಾಲಿಗೆಗೂ ಸಂಬಂಧಪಟ್ಟದ್ದೆಂದು ಲೋಕವು ನಂಬಿದ್ದ ಕಾಲದಲ್ಲಿ, ತಲೆಯನ್ನು ಚುಚ್ಚಿದರೆ ಸಕ್ಕರೆ ಏರುವುದೆಂಬ ಈ ಸಂಗತಿ ವಿದ್ವಾಂಸರನ್ನು ಬೆರಗುಗೊಳಿಸಿತು. ಯಕೃತ್ತಿನಲ್ಲಿ ಸಕ್ಕರೆಯು ರೂಪಾಂತರಗೊಂಡು ಶೇಖರವಾಗಿರುವುದನ್ನು ತೋರಿಸಿಕೊಟ್ಟವನೂ ಈತನೇ.

ಅರುವತ್ತು ವರ್ಷಗಳ ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬಾತನು ಅದೇ ಪ್ರಶ್ನೆಯನ್ನು ಸೂಜಿಯಿಲ್ಲದೆ ಕೇಳಿದನು. ಪಂಜರದಲ್ಲಿದ್ದ ಬೆಕ್ಕಿನ ಬಳಿಗೆ ಬೊಗಳುವ ನಾಯಿಯನ್ನು ತಂದನು. ಬೆಕ್ಕಿಗೆ ಗಾಯವಿಲ್ಲ, ನೋವಿಲ್ಲ, ಬರಿಯ ಭಯ. ಆದರೂ ಅದರ ಮೂತ್ರದಲ್ಲಿ ಸಕ್ಕರೆ ಬಂದಿತು. ಇದು 1911ರ ಮಾತು. ಬೆಕ್ಕಿನಿಂದ ಮನುಷ್ಯನಿಗೆ ಬಂದ ಬಗೆ ಇನ್ನೂ ಸ್ವಾರಸ್ಯವಾದದ್ದು. ಕಠಿಣವಾದ ಪರೀಕ್ಷೆಯೊಂದನ್ನು ಬರೆದು ಬಂದ ವೈದ್ಯ ವಿದ್ಯಾರ್ಥಿಗಳು 9 ಮಂದಿ. ಅವರಲ್ಲಿ 4 ಮಂದಿಯ ಮೂತ್ರದಲ್ಲಿ ಸಕ್ಕರೆ ಇದ್ದಿತು. ಸುಲಭವಾದ ಪರೀಕ್ಷೆಯ ತರುವಾಯ ನೋಡಿದಾಗ ಒಬ್ಬನಲ್ಲಿ ಮಾತ್ರ. ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಹಿಂದೆ ಬೀಳುವ ತಂದೆತಾಯಿಗಳು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಆಮೇಲೆ ಬಂದಿತು 1913ರ ಫುಟ್‌ಬಾಲ್ ಪಂದ್ಯ. ಆ ವರ್ಷದ ಕಡೆಯ ಆಟ, ಎಲ್ಲಕ್ಕಿಂತ ರೋಮಾಂಚಕಾರಿಯಾದ ಆಟ. ಮುಗಿದೊಡನೆಯೇ ಹಾರ್ವರ್ಡ್ ತಂಡದ 25 ಮಂದಿಯ ಮೂತ್ರವನ್ನು ಪರೀಕ್ಷಿಸಲಾಯಿತು. 12 ಮಂದಿಯಲ್ಲಿ ಸಕ್ಕರೆ ಕಂಡಿತು. ಓಡಿ, ಬಿದ್ದು, ಎದ್ದು, ಬೆವರಿಳಿಸಿದವರಲ್ಲಿ ಅದು ಬಂದುದರಲ್ಲಿ ಆಶ್ಚರ್ಯವೇನು ಎಂದು ನೀವು ಕೇಳಬಹುದು. ಆಶ್ಚರ್ಯವಿರುವುದು ಮುಂದೆ. ಆ ಹನ್ನೆರಡು ಮಂದಿಯಲ್ಲಿ ಐವರು ಆಟದ ಬಯಲಿಗೆ ಇಳಿದವರೇ ಅಲ್ಲ. ಅವರು ಬದಲಿ ಆಟಗಾರರು. ಕರೆ ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ಬದಿಯಲ್ಲಿ ಕುಳಿತೇ ಇದ್ದವರು. ಅವರ ಕಾಲು ಓಡಲಿಲ್ಲ. ಅವರ ಯಕೃತ್ತು ಮಾತ್ರ ಓಟಕ್ಕೆ ಬೇಕಾದುದನ್ನೆಲ್ಲ ಸುರಿದು ಕೊಟ್ಟಿತು.

ಕೇಳುಗರೇ, ಈ ಐವರನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಅವರ ವಿಷಯವೇ. ಆಡಿದವನ ಸಕ್ಕರೆ ಆಟದಲ್ಲಿ ಕರಗಿತು. ಕಾದವನ ಸಕ್ಕರೆಗೆ ಹೋಗಲು ದಾರಿಯಿಲ್ಲ.

ಚಾರ್ಮಾಡಿಯಲ್ಲಿ ಹೀಗೆ ಕಾದು ಕುಳಿತವರು ಯಾರು? ಘಟ್ಟ ಹತ್ತುವ ಡ್ರೈವರನಲ್ಲ. ಘಟ್ಟದ ಬುಡದಲ್ಲಿ ತೋಟವಿರುವ ಕೃಷಿಕನು. 2019ರ ಆಗಸ್ಟ್ 9ರಂದು ಏನಾಯಿತೆಂಬುದನ್ನು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಗುಡ್ಡಗಳು ಜರಿದವು, ಮೃತ್ಯುಂಜಯ ಹೊಳೆ ಮರದ ದಿಮ್ಮಿಗಳನ್ನೂ ಹೂಳನ್ನೂ ಹೊತ್ತು ಕೊಳಂಬೆಯ ಮನೆಗಳಿಗೂ ಅಡಕೆ ತೋಟಗಳಿಗೂ ನುಗ್ಗಿತು, ಘಟ್ಟದ ರಸ್ತೆ ಅಲ್ಲಲ್ಲಿ ಕುಸಿದು ವಾಹನ ಸಂಚಾರ ನಿಂತಿತು. ನೆರೆಯೇನೋ ಇಳಿಯಿತು. ಆದರೆ ಆ ವರ್ಷದಿಂದೀಚೆಗೆ ಹೊಳೆಬದಿಯ ಮನೆಯವರಿಗೆ ಇರುಳಿನ ಮಳೆ ಹಿಂದಿನ ಮಳೆಯಾಗಿ ಉಳಿಯಲಿಲ್ಲ. ಹೆಂಚಿನ ಮೇಲೆ ಹನಿಯ ಸದ್ದು ಒಂದಿಷ್ಟು ಬಿರುಸಾದರೆ ಸಾಕು, ಮನೆಯ ಹಿರಿಯರು ಎದ್ದು, ಬ್ಯಾಟರಿ ಹಿಡಿದು, ಅಂಗಳದ ತುದಿಗೆ ಹೋಗಿ ಹೊಳೆಯ ನೀರು ಎಲ್ಲಿಯವರೆಗೆ ಬಂದಿದೆಯೆಂದು ನೋಡಿ ಬರುವರು; ಬಂದು ಮಲಗಿದರೂ ಕಿವಿ ಮಲಗುವುದಿಲ್ಲ.

ಇದು ಮಳೆಯ ಮಾತಾಯಿತು. ಇದರೊಡನೆ ಅಡಕೆಯ ಕೊಳೆರೋಗದ ಚಿಂತೆಯಿದೆ: ಮಳೆ ಒಂದೆರಡು ದಿನ ಬಿಟ್ಟರೆ ಎರಡನೆಯ ಸಲ ಮದ್ದು ಬಿಡಬಹುದು, ಬಿಡದಿದ್ದರೆ ಎಳೆಗಾಯಿ ಗೊನೆಗೊನೆಯಾಗಿ ಉದುರುವುದು, ಬಿಟ್ಟರೂ ಮರ ಹತ್ತುವವನು ಆ ದಿನವೇ ಬರಬೇಕು. ಕಾಡಂಚಿನ ತೋಟಗಳಿಗೆ ಆನೆಯ ಭಯ. ಬ್ಯಾಂಕಿನ ಕಂತು, ಪರವೂರಿನಲ್ಲಿರುವ ಮಗನ ಕೆಲಸ, ಮುಗಿಯದ ಗಡಿ ತಕರಾರು. ಇವುಗಳಲ್ಲಿ ಒಂದಾದರೂ ಮೂರು ಸೆಕೆಂಡಿನಲ್ಲಿ ಹಾದುಹೋಗುವ ಟ್ಯಾಂಕರಲ್ಲ. ಓಡಿ ತಪ್ಪಿಸಿಕೊಳ್ಳುವಂಥದಲ್ಲ, ಕೈಮಾಡಿ ಹೊಡೆದಟ್ಟುವಂಥದೂ ಅಲ್ಲ. ದೇಹಕ್ಕಾದರೋ ಈ ಭೇದ ತಿಳಿಯದು. ಅದು ಅರಿತ ಉಪಾಯ ಒಂದೇ. ಅದನ್ನೇ ಪ್ರಯೋಗಿಸುತ್ತ ಹೋಗುವುದು.

ಹಾಗೆ ಪ್ರಯೋಗಿಸುತ್ತ ಹೋದರೆ ಆಗುವುದೇನು? ಕ್ಷಣದ ಒತ್ತಡದಿಂದ ಕೇಡಿಲ್ಲವೆಂದೂ, ಕಾಯುವ ದೇಹವೂ ಓಡುವ ದೇಹದಂತೆಯೇ ಸಕ್ಕರೆಯನ್ನು ಸುರಿಯುವುದೆಂದೂ ಕಂಡೆವು. ಅದು ವರ್ಷಗಟ್ಟಲೆ ಸುರಿಯುತ್ತಿದ್ದರೆ ಬರುವ ಫಲ ಇನ್ನು ಮುಂದಿನ ವಿಷಯ.

1932ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಒಂದು ವಿಚಿತ್ರ ರೋಗವನ್ನು ವಿವರವಾಗಿ ವರ್ಣಿಸಿದನು. ರೋಗಿಯ ಮುಖ ದುಂಡಗೆ ಊದಿಕೊಳ್ಳುವುದು, ಹೊಟ್ಟೆಯ ಸುತ್ತ ಕೊಬ್ಬು ತುಂಬುವುದು, ಕೈಕಾಲುಗಳು ಮಾತ್ರ ಕೃಶವಾಗುವುದು, ರಕ್ತದೊತ್ತಡ ಏರುವುದು, ಅನೇಕರಲ್ಲಿ ಸಕ್ಕರೆ ಕಾಯಿಲೆಯೂ ಕಾಣಿಸುವುದು. ಇದಕ್ಕೆ ಮೂಲ ಕಾರ್ಟಿಸಾಲಿನ ಅತಿರೇಕವೆಂದು ಮುಂದೆ ತಿಳಿದುಬಂದಿತು. ಈ ರೋಗ ವಿರಳ. ಆದರೆ ಅದರ ವರ್ಣನೆಯನ್ನು ಇನ್ನೊಮ್ಮೆ ಕೇಳಿ: ಹೊಟ್ಟೆ ಮುಂದೆ, ತೋಳು ತೊಡೆ ಸಣ್ಣ, ಬಿ.ಪಿ., ಶುಗರ್. ಅದರ ಸೌಮ್ಯರೂಪದ ಮಂದಿಯನ್ನು ನಾವು ಯಾವ ಪೇಟೆಯ ಬಸ್ಸು ನಿಲ್ದಾಣದಲ್ಲಿಯೂ ಕಾಣಬಹುದಲ್ಲವೆ? ಅವರೆಲ್ಲ ಕುಶಿಂಗನ ರೋಗಿಗಳೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅಪಚಾರ. ಊಟವೂ ಕೂತು ಮಾಡುವ ಕೆಲಸವೂ ವಂಶವೂ ತಂತಮ್ಮ ಪಾಲನ್ನು ಸಲ್ಲಿಸಿಯೇ ಇರುತ್ತವೆ. ಆದರೆ ಆ ರಸವು ಹೆಚ್ಚಾದರೆ ಕೊಬ್ಬು ಎಲ್ಲಿಗೆ ಹೋಗಿ ಕೂರುವುದೆಂಬುದನ್ನು ಆ ರೋಗವು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟಿತು.

1936ರಲ್ಲಿ ಮಾಂಟ್ರಿಯಲ್ ನಗರದ ಹಾನ್ಸ್ ಸೆಲ್ಯೆ, ಕೆಡುಕು ಯಾವುದೇ ಇರಲಿ, ಶೀತವೋ ಗಾಯವೋ ವಿಷವೋ, ದೇಹದ ಪ್ರತಿಕ್ರಿಯೆ ಬಹುಮಟ್ಟಿಗೆ ಒಂದೇ ತೆರನಾದುದೆಂದು ಪ್ರತಿಪಾದಿಸಿದನು. ಅಡ್ರಿನಲ್ ಹೊರಪದರದ ರಸಗಳನ್ನು ಬೇರ್ಪಡಿಸಿ ಅರಿತ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1993ರಲ್ಲಿ ಬ್ರೂಸ್ ಮೆಕ್ಯೂಯೆನ್ ತನ್ನ ಸಹಲೇಖಕನೊಡನೆ, ಪದೇ ಪದೇ ಎಚ್ಚರಗೊಳ್ಳುವುದರಿಂದ ದೇಹದ ಮೇಲೆ ವರ್ಷ ವರ್ಷಕ್ಕೂ ಕೂಡುತ್ತ ಹೋಗುವ ಹೊರೆಯೊಂದನ್ನು ಹೆಸರಿಟ್ಟು ಕರೆದನು. ಈ ಚರಿತ್ರೆಯನ್ನು ಬೆಳೆಸಲು ನಮಗೆ ವ್ಯವಧಾನವಿಲ್ಲ.

ಗ್ರಂಥಿಯ ಕೆಲಸ ಹೀಗಾಯಿತು. ನಡತೆಗೂ ಇದರಲ್ಲಿ ಪಾಲಿದೆಯೆಂಬುದನ್ನು ಮರೆಯಬಾರದು. ಒತ್ತಡದಲ್ಲಿರುವವನ ಕೈ ಸೌತೆಕಾಯಿಗೆ ಹೋಗುವುದಿಲ್ಲ; ಕರಿದದ್ದಕ್ಕೂ ಸಿಹಿಗೂ ಹೋಗುವುದು. ಇದು ಬರಿಯ ನಾಲಿಗೆಚಪಲವಲ್ಲ. ಕಾರ್ಟಿಸಾಲ್ ಹೆಚ್ಚಿರುವಾಗ ಸಿಹಿ ಮತ್ತು ಕೊಬ್ಬಿನ ಆಹಾರದತ್ತ ಪ್ರಾಣಿ ಒಲಿಯುವುದೆಂದೂ, ಅದನ್ನು ತಿಂದಾಗ ಮೆದುಳಿನ ಎಚ್ಚರಿಕೆಯ ಕೂಗು ಸ್ವಲ್ಪ ತಣಿಯುವುದೆಂದೂ ಕ್ಯಾಲಿಫೋರ್ನಿಯಾದ ಮೇರಿ ಡಾಲ್ಮನ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗಗಳ ಆಧಾರದಿಂದ 2003ರಲ್ಲಿ ವಾದಿಸಿದರು. ಹಾಗಾದರೆ ಆ ಬನ್ಸು, ಆ ಗೋಳಿಬಜೆ, ರಾತ್ರಿ ಹತ್ತರ ಮೇಲಿನ ಆ ಮಿಕ್ಸ್ಚರು ಒಂದು ಬಗೆಯ ಮದ್ದು. ಮದ್ದಿನ ಬೆಲೆಯನ್ನು ಹೊಟ್ಟೆಯ ಸುತ್ತಳತೆಯಲ್ಲಿ ತೆರಬೇಕು, ಅಷ್ಟೇ.

ನಿದ್ರೆಯ ಮಾತು ಇದಕ್ಕಿಂತ ಘನವಾದದ್ದು. ಕಾರ್ಟಿಸಾಲ್ ಸ್ವಭಾವತಃ ಬೆಳಗ್ಗೆ ಹೆಚ್ಚಿ ಇರುಳಿಗೆ ಇಳಿಯತಕ್ಕದ್ದು. 1999ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿಗಳ ಕಾಲ ದಿನಕ್ಕೆ ನಾಲ್ಕೇ ಗಂಟೆ ಮಲಗಗೊಟ್ಟರು. ಆರನೆಯ ದಿನದ ಹೊತ್ತಿಗೆ ಅವರ ದೇಹವು ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಸ್ಪಷ್ಟವಾಗಿ ಕುಂದಿತ್ತು. ಸಂಜೆಯ ಹೊತ್ತು ಇಳಿಯಬೇಕಾದ ಕಾರ್ಟಿಸಾಲ್ ಇಳಿಯದೆ ನಿಂತಿತ್ತು. ಅವರಿಗೆ ಯಾರೂ ಲಾಡು ತಿನ್ನಿಸಿರಲಿಲ್ಲ. ಇರುಳೆಲ್ಲ ಬಣ್ಣ ಹಚ್ಚಿ ಕುಣಿದು, ಮುಂಜಾನೆ ಚೌಕಿಯಲ್ಲಿ ಬಣ್ಣ ತೆಗೆದು, ಹಗಲು ಸಿಕ್ಕಷ್ಟು ನಿದ್ರಿಸುತ್ತಿದ್ದ ನಮ್ಮ ಯಕ್ಷಗಾನ ಕಲಾವಿದರ ನೆನಪು ಇಲ್ಲಿ ನನಗೆ ಬರುತ್ತದೆ. ಈಗ ಕೆಲವು ಮೇಳಗಳು ಕಾಲಮಿತಿಗೆ ಬಂದಿವೆ. ರಸಿಕರು ಮುನಿಸಿಕೊಂಡರು, ರಸಿಕನಾಗಿ ನಾನೂ ಮುನಿಸಿಕೊಂಡವನೇ. ವೈದ್ಯಶಾಸ್ತ್ರದ ಕಡೆಯಿಂದ ನೋಡಿದರೆ ಆ ಮುನಿಸಿಗೆ ಎಡೆಯಿಲ್ಲ.

ಈವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಕಳೆಯದ ಭಯವು ಗ್ರಂಥಿಯ ಮೂಲಕ ಸಕ್ಕರೆಯನ್ನು ಏರಿಸುವುದು. ನಾಲಿಗೆಯ ಮೂಲಕ ಹೊಟ್ಟೆಯನ್ನು ಬೆಳೆಸುವುದು. ನಿದ್ರೆಯನ್ನು ಕದ್ದು ಎರಡಕ್ಕೂ ಇಂಬುಕೊಡುವುದು. ಆದರೆ ಒಂದೇ ಒತ್ತಡದಲ್ಲಿ ಬದುಕಿದ ಇಬ್ಬರಲ್ಲಿ ಒಬ್ಬನಿಗೆ ಕಾಯಿಲೆ ಬಂದು ಇನ್ನೊಬ್ಬನು ಗಟ್ಟಿಯಾಗಿಯೇ ಉಳಿಯುವುದೇಕೆ? ಈ ಪ್ರಶ್ನೆಯನ್ನು ಹಿಡಿದು ಮೈಸೂರಿಗೆ ಹೋಗಬೇಕು.

ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿಯೊಂದು ಕೂಸನ್ನೂ ತೂಗಿ, ಅದರ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಅಳೆದು ದಾಖಲೆಯಲ್ಲಿ ಬರೆದಿಡುವ ಪದ್ಧತಿ ಇದ್ದಿತು. ಬರೆದವರು ಹೆರಿಗೆ ಕೋಣೆಯಲ್ಲಿ ದುಡಿಯುತ್ತಿದ್ದ ದಾದಿಯರು. ತಾವು ಬರೆಯುತ್ತಿರುವುದು ಅರುವತ್ತು ವರ್ಷಗಳ ಮೇಲೆ ಜಗತ್ತಿನ ವೈದ್ಯಪತ್ರಿಕೆಗಳನ್ನು ಸೇರುವುದೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು. ಪೌಂಡು ಇಷ್ಟು, ಔನ್ಸು ಇಷ್ಟು, ಇಂಚು ಇಷ್ಟು. ಹೆರಿಗೆಯ ಗದ್ದಲದ ನಡುವೆ, ಒದ್ದೆ ಕೈಯನ್ನು ಒರೆಸಿಕೊಂಡು, ಬರೆದಿಟ್ಟರು. ನಮ್ಮ ನಾಡಿನಲ್ಲಿ ಇಂಥ ಕಾಗದಗಳಿಗೆ ಸಾಮಾನ್ಯವಾಗಿ ಗೆದ್ದಲೇ ಓದುಗ, ಇವು ಉಳಿದವು.

1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರೊಡನೆ ಕೂಡಿ, ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಆ ಹಳೆಯ ಕೂಸುಗಳನ್ನು ಹುಡುಕಿ ತೆಗೆದರು. ಕೂಸುಗಳಿಗೆ ಆಗ ನಲವತ್ತು, ಐವತ್ತು, ಅರುವತ್ತು ವಯಸ್ಸು. ಸುಮಾರು 500 ಮಂದಿ ಸಿಕ್ಕಿದರು. 1996ರಲ್ಲಿ ಮೊದಲ ಫಲ ಪ್ರಕಟವಾಯಿತು. ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳಗಳ ರೋಗ ನೂರಕ್ಕೆ ಸುಮಾರು 11 ಮಂದಿಗೆ ಇದ್ದಿತು. ಏಳು ಪೌಂಡಿಗೆ ಮೇಲ್ಪಟ್ಟು ತೂಗಿದವರಲ್ಲಿ ನೂರಕ್ಕೆ 3. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂಬತ್ತು ತಿಂಗಳ ನೆರಳು ಐವತ್ತು ವರ್ಷ ಚಾಚಿಕೊಂಡಿತ್ತು.

ಸಕ್ಕರೆ ಕಾಯಿಲೆಯ ಲೆಕ್ಕ ಇಷ್ಟು ಸರಳವಾಗಿ ಬರಲಿಲ್ಲ. 1998ರಲ್ಲಿ ಹೊರಬಂದ ಮೈಸೂರಿನ ಲೆಕ್ಕದಲ್ಲಿ ಕಾಯಿಲೆ ಹೆಚ್ಚು ಕಂಡದ್ದು ತೂಕ ಕಡಿಮೆಯಿದ್ದ ಕೂಸುಗಳಲ್ಲಿ ಅಲ್ಲ; ಉದ್ದ ಕಡಿಮೆಯಾಗಿ ಅದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ಮತ್ತು ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಹುಟ್ಟುವಾಗ ತೂಕ ಕಡಿಮೆಯಿದ್ದರೆ ಮುಂದೆ ಕಾಯಿಲೆ ಹೆಚ್ಚೆಂಬ ಯುರೋಪಿನ ಸೂತ್ರ ಇಲ್ಲಿ ಹಾಗೆಯೇ ಹೊಂದಲಿಲ್ಲ. ಅದನ್ನು ಹೊಂದಿಸಲು ಎಳೆದಾಡದೆ ಕಂಡದ್ದನ್ನು ಕಂಡಂತೆ ಬರೆದರೆಂಬುದಕ್ಕಾಗಿಯೇ ನನಗೆ ಈ ಅಧ್ಯಯನದ ಮೇಲೆ ಗೌರವ.

2003ರಲ್ಲಿ ಅದೇ ಮಂದಿಯ ಕುರಿತು ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಲೇಖನವೊಂದು ಬಂದಿತು. ಬೆಳಗ್ಗೆ ಒಂಬತ್ತರ ಸುಮಾರಿಗೆ, ಉಪವಾಸದ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಕಾರ್ಟಿಸಾಲನ್ನು ಅಳೆದಿದ್ದರು. ಅದು ಹೆಚ್ಚಿದ್ದವರಲ್ಲಿ ರಕ್ತದೊತ್ತಡವೂ ಉಪವಾಸದ ಸಕ್ಕರೆಯೂ ಹೆಚ್ಚು. ಇನ್ಸುಲಿನ್ನಿಗೆ ದೇಹ ಓಗೊಡುವುದು ಕಡಿಮೆ. ಮೈಕಟ್ಟು ಸ್ಥೂಲವಾಗಿದ್ದವರಲ್ಲಿ ಈ ನಂಟು ಇನ್ನೂ ಬಲವಾದದ್ದು. ಅಂದರೆ ಚಿಂತೆ ಮತ್ತು ಹೊಟ್ಟೆ ಎರಡೂ ಕೂಡಿದಲ್ಲಿ ಕೇಡು ಇಮ್ಮಡಿಸುವ ಸಂಭವವಿದೆ.

ಅಲ್ಲಿಗೇ ಮುಗಿಯಲಿಲ್ಲ. 1997 ಮತ್ತು 98ರಲ್ಲಿ ಅದೇ ಆಸ್ಪತ್ರೆಯ ಸುಮಾರು 800 ಗರ್ಭಿಣಿಯರಿಗೆ ಸಕ್ಕರೆ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ನೂರರಲ್ಲಿ ಆರು ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಕಂಡಿತು. ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ನೋಡುತ್ತ ಬಂದರು. ಕ್ಯಾರೊಲಿನ್ ಫಾಲ್, ಜಿ.ವಿ. ಕೃಷ್ಣವೇಣಿ ಮುಂತಾದವರು ಇದರಲ್ಲಿ ದುಡಿದವರು. ಮಕ್ಕಳಿಗೆ ಹದಿಮೂರು ದಾಟಿದಾಗ ಅವರಲ್ಲಿ ಇನ್ನೂರಕ್ಕೂ ಮಿಕ್ಕ ಮಂದಿಯನ್ನು ಒಂದು ಪರೀಕ್ಷೆಗೆ ಒಡ್ಡಿದರು.

ಆ ಕೋಣೆಯನ್ನು ಮನಸ್ಸಿಗೆ ತಂದುಕೊಳ್ಳಿ. ಎದುರಿಗೆ ಇಬ್ಬರು ಅಪರಿಚಿತರು, ತೀರ್ಪು ಹೇಳುವವರಂತೆ ಕುಳಿತಿರುವರು. ಮಗುವು ಅವರ ಮುಂದೆ ಐದು ನಿಮಿಷ ಮಾತನಾಡಬೇಕು. ಆಮೇಲೆ ಐದು ನಿಮಿಷ ಬಾಯಿಲೆಕ್ಕ. ಮೈಮೇಲೆ ಅಳೆಯುವ ತಂತಿಗಳು: ನಾಡಿ, ರಕ್ತದೊತ್ತಡ, ಒಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತ, ಎಲ್ಲಕ್ಕೂ ಲೆಕ್ಕ. ಕಾರ್ಟಿಸಾಲಿಗಾಗಿ ಆಗಾಗ್ಗೆ ಜೊಲ್ಲಿನ ಮಾದರಿ. ಶಾಲೆಯಲ್ಲಿ ಇನ್‌ಸ್ಪೆಕ್ಟರ್ ಬಂದ ದಿನದ ಅನುಭವವಿದ್ದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಎಲ್ಲ ಮಕ್ಕಳ ರಕ್ತದೊತ್ತಡವೂ ಏರಿತು. ಆದರೆ ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಅದು ಉಳಿದವರಿಗಿಂತ ಹೆಚ್ಚು ಏರಿತು. ಹೃದಯವೂ ಹೆಚ್ಚು ದುಡಿಯಿತು. ತಂದೆಗೆ ಸಕ್ಕರೆ ಕಾಯಿಲೆಯಿದ್ದ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಬೀಜದ ಗುಣ ಮಾತ್ರವೇ ಕಾರಣವಾಗಿದ್ದರೆ ತಂದೆಯ ಕಡೆಯಿಂದಲೂ ಬರಬೇಕಾಗಿತ್ತು. ಬಾರದಿದ್ದುದರಿಂದ, ಬಸಿರಿನೊಳಗಿನ ವಾತಾವರಣವೇ ಒತ್ತಡಕ್ಕೆ ಮಗುವು ಸ್ಪಂದಿಸುವ ಬಗೆಯನ್ನು ತಿದ್ದಿರಬಹುದೆಂದು ಸಂಶೋಧಕರು ಊಹಿಸಿದರು. ಇದು 2015ರ ಲೇಖನ. ಆಶಾ ಕಾರ್ಯಕರ್ತೆಯು ತಾಯಿ ಕಾರ್ಡನ್ನು ಹಿಡಿದು ಬಂದು, ಸಕ್ಕರೆ ಪರೀಕ್ಷೆಗೆ ಬನ್ನಿ ಅಕ್ಕಾ ಎಂದು ಎರಡೆರಡು ಸಲ ಕರೆದಾಗ ಬೇಸರಿಸುವ ಮನೆಯವರು, ಆಕೆ ಕರೆಯುತ್ತಿರುವುದು ಇಬ್ಬರ ಸಲುವಾಗಿ ಎಂಬುದನ್ನು ತಿಳಿಯಬೇಕು.

ಇಂತು, ಒತ್ತಡವನ್ನು ತಾಳುವ ಬಲದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರವು ಒಂದಷ್ಟು ಹುಟ್ಟಿಗೆ ಮುಂಚೆಯೇ ಬರುವುದೆಂದಾಯಿತು. ಉಳಿದ ಅಂತರವು ಸಮಾಜದಲ್ಲಿದೆ.

ಲಂಡನ್ ನಗರದ ಸರಕಾರಿ ನೌಕರರ ಮೇಲೆ ಎರಡು ಪ್ರಸಿದ್ಧ ಅಧ್ಯಯನಗಳು ನಡೆದಿವೆ. 1967ರಲ್ಲಿ ಆರಂಭವಾದ ಮೊದಲನೆಯದರಲ್ಲಿ ಸುಮಾರು 18,000 ಗಂಡಸರು. ಚಿಂತೆಯೆಲ್ಲ ಮೇಲಧಿಕಾರಿಗೆ, ಜವಾನನಿಗೇನು ಎಂದು ನಾವು ಲಘುವಾಗಿ ಆಡುವುದುಂಟಷ್ಟೆ? ಅಲ್ಲಿ ಕಂಡದ್ದು ಇದರ ತದ್ವಿರುದ್ಧ. ಹೃದ್ರೋಗದಿಂದ ಸಾಯುವವರ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಕೆಳಗಿನ ದರ್ಜೆಯವರಲ್ಲಿ ಸುಮಾರು ಮೂರು ಪಟ್ಟು. ಎರಡನೆಯ ಅಧ್ಯಯನದಲ್ಲಿ ಗಂಡಸರೂ ಹೆಂಗಸರೂ ಸೇರಿ ಸುಮಾರು 10,000 ಮಂದಿ. 14 ವರ್ಷಗಳ ಅವಧಿಯಲ್ಲಿ ಕೆಲಸದ ಒತ್ತಡವನ್ನು ಮತ್ತೆ ಮತ್ತೆ ಅನುಭವಿಸಿದವರಲ್ಲಿ, ಹೊಟ್ಟೆಯ ಬೊಜ್ಜು, ಬಿ.ಪಿ., ಸಕ್ಕರೆ ಮುಂತಾದವು ಜೊತೆಗೂಡಿ ಬರುವ ಸಂಭವ ಇಮ್ಮಡಿಗೂ ಮಿಕ್ಕಿದ್ದಿತು. ಕೆಲಸದ ಒತ್ತಡವನ್ನು ಅವರು ಅಳೆದದ್ದು ಕೆಲಸದ ರಾಶಿಯಿಂದ ಮಾತ್ರವಲ್ಲ. ಆ ಕೆಲಸದಲ್ಲಿ ನೌಕರನ ಮಾತಿಗೆ ಎಷ್ಟು ಬೆಲೆ, ಹಿಡಿತ ಎಷ್ಟು, ಆಸರೆ ಎಷ್ಟು ಎಂಬುದರಿಂದ.

ಹಾಗಾದರೆ ಪರಿಹಾರವೇನೆಂದು ನೀವು ಕೇಳುವಿರಿ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನಗಳ ಕಾಲೇಜು ನಡೆಯುತ್ತಿದೆ. ಇದೇ ಚಿಕಿತ್ಸೆಗಾಗಿ ಧರ್ಮಸ್ಥಳದ ಶಾಂತಿವನಕ್ಕೆ ದೂರದೂರದಿಂದ ಮಂದಿ ಬರುತ್ತಾರೆ. ಯೋಗದಿಂದ ಕಾರ್ಟಿಸಾಲ್ ಇಳಿಯುವುದೆಂಬುದು ಬರಿಯ ಭಕ್ತಿಯ ಮಾತಲ್ಲ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಖಿನ್ನತೆಯ ರೋಗಿಗಳಲ್ಲಿ ಅದನ್ನು ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಅಭ್ಯಾಸ ಮಾಡಬಲ್ಲವರು ಮಾಡಲಿ. ಗುಳಿಗೆಯನ್ನು ವೈದ್ಯರ ಮಾತಿಲ್ಲದೆ ಬಿಡದಿರಲಿ. ಆದರೆ ಹೊಳೆಬದಿಯಲ್ಲಿ ಮನೆಯಿರುವವನಿಗೆ “ಚಿಂತೆ ಬಿಡಿ” ಎಂದು ಉಪದೇಶಿಸುವುದು ನನಗೆ ಸುಲಭದ ಕೆಲಸವಾಗಿ ಕಾಣುತ್ತದೆ, ಸಭ್ಯತೆಯ ಕೆಲಸವಾಗಿ ಕಾಣುವುದಿಲ್ಲ.

ಇದಕ್ಕೆ ಸಂಬಂಧಿಸಿದಂತೆ ಕೊನೆಯದೊಂದು ಪ್ರಯೋಗವನ್ನು ಹೇಳುವೆನು. ನ್ಯೂಯಾರ್ಕಿನಲ್ಲಿ ಜೇ ವೈಸ್ ಎಂಬಾತನು 1970ರ ಆಸುಪಾಸಿನಲ್ಲಿ ಎರಡು ಇಲಿಗಳ ಬಾಲಗಳಿಗೆ ಒಂದೇ ತಂತಿಯಿಂದ, ಒಂದೇ ಹೊತ್ತಿಗೆ, ಒಂದೇ ಪ್ರಮಾಣದ ವಿದ್ಯುತ್ತಿನ ಪೆಟ್ಟು ಕೊಟ್ಟನು. ಒಂದಕ್ಕೆ ಪೆಟ್ಟಿಗೆ ಮುಂಚೆ ಒಂದು ಸದ್ದು ಕೇಳಿಸುತ್ತಿತ್ತು. ಇನ್ನೊಂದಕ್ಕೆ ಅಂಥ ಮುನ್ಸೂಚನೆಯಿಲ್ಲ. ಪೆಟ್ಟು ಸಮಸಮವಾಗಿದ್ದರೂ ಸೂಚನೆ ದೊರೆತ ಇಲಿಯ ಜಠರದಲ್ಲಿ ಹುಣ್ಣು ಬಹಳ ಕಡಿಮೆ. ಸದ್ದಿಲ್ಲದ ಹೊತ್ತಿನಲ್ಲಿ ಅದು ನಿಶ್ಚಿಂತೆಯಿಂದಿರಬಹುದಾಗಿತ್ತು. ಇನ್ನೊಂದಕ್ಕೆ ನಿಶ್ಚಿಂತೆಯ ಹೊತ್ತೆಂಬುದೇ ಇರಲಿಲ್ಲ.

ಚಾರ್ಮಾಡಿಯ ಮಳೆಯನ್ನು ತಡೆಯುವುದು ಯಾರಿಂದಲೂ ಆಗದು. ಆದರೆ ಇಂದಿನ ರಾತ್ರಿ ಘಟ್ಟದ ರಸ್ತೆ ತೆರೆದಿರುವುದೇ ಮುಚ್ಚಿರುವುದೇ ಎಂಬುದನ್ನು ಸಂಜೆ ಐದಕ್ಕೇ ಹೇಳಬಹುದು. ಹೊಳೆಯ ಮಟ್ಟವನ್ನು ನೋಡಲು ಮೇಲ್ಭಾಗದಲ್ಲಿ ಒಬ್ಬನಿದ್ದು ಕೆಳಗಿನವರಿಗೆ ಫೋನು ಮಾಡುವಂತಿದ್ದರೆ ಕೆಳಗಿನ ಹತ್ತು ಮನೆಯವರು ಮಲಗಬಹುದು. ಅಡಕೆಗೂ ಕಾಳುಮೆಣಸಿಗೂ ಹವಾಮಾನ ಆಧಾರಿತ ಬೆಳೆ ವಿಮೆಯಿದೆ. ಕಂತು ಕಟ್ಟಿದವನು ಬ್ಯಾಂಕಿಗೆ ಹೋಗಿ ಕೇಳುವುದು ಮೊತ್ತ ಎಷ್ಟೆಂಬುದೊಂದನ್ನೇ ಅಲ್ಲ, ಅದು ಯಾವ ತಿಂಗಳು ಜಮೆಯಾದೀತೆಂಬುದನ್ನೂ. ಆ ಎರಡನೆಯ ಪ್ರಶ್ನೆಗೆ ಉತ್ತರವನ್ನು ಬರೆದು ಪಂಚಾಯತಿನ ಫಲಕಕ್ಕೆ ಅಂಟಿಸಲು ಒಂದು ಹಾಳೆ ಕಾಗದ ಸಾಕು. ಆರೋಗ್ಯ ಇಲಾಖೆಯ ಖರ್ಚಿನಲ್ಲಿ ಅದನ್ನು ಸೇರಿಸಿದರೂ ನನ್ನ ಆಕ್ಷೇಪವಿಲ್ಲ.